ಬೇಸಿಗೆಯ ಮನೆ ರಿಪೇರಿ: ಯಾವ ಕೆಲಸ ಯಾವ ಹೊತ್ತಿಗೆ, ಮೈ ಕಾಯದಂತೆ ಹೇಗೆ?

ತಾರಸಿ_ಮನೆ

ಎಲ್ಲರಿಗೂ ನಮಸ್ಕಾರ. ಮಳೆ ಶುರುವಾಗುವ ಮೊದಲು ಮುಗಿಸಬೇಕಾದ ಕೆಲಸಗಳು ರಾಶಿ ಬಿದ್ದಿವೆ. ತಾರಸಿಯಲ್ಲಿ ಬಿರುಕು ಬಿಟ್ಟಿದೆ, ಪ್ಯಾರಪೆಟ್ ಬುಡದಲ್ಲಿ ಗಾರೆ ಎದ್ದಿದೆ. ಪಶ್ಚಿಮದ ಗೋಡೆಗೆ ಪೇಂಟ್ ಆಗಬೇಕು. ಮೇಲಿನ ಟ್ಯಾಂಕ್ ತೊಳೆಯಬೇಕು. ಎಸಿ, ಫ್ಯಾನ್, ಇನ್ವರ್ಟರ್ ಬ್ಯಾಟರಿ ಇವನ್ನೆಲ್ಲ ಒಮ್ಮೆ ನೋಡಬೇಕು. ಆದಷ್ಟು ನಾನೇ ಮಾಡೋಣ ಅಂತಿದ್ದೇನೆ. ಕೈಗೆ ಸ್ವಲ್ಪ ಕೆಲಸ ಗೊತ್ತಿದೆ, ಸಲಕರಣೆಗಳೂ ಇವೆ.

ತೊಂದರೆ ಬಿಸಿಲಿನದ್ದು. ಬೆಳಿಗ್ಗೆ ಒಂಬತ್ತಕ್ಕೆಲ್ಲ ತಾರಸಿ ಮೇಲೆ ಬರಿಗಾಲು ಇಡಲು ಆಗುವುದಿಲ್ಲ. ರಜೆ ಸಿಗುವುದು ಭಾನುವಾರ ಮಾತ್ರ. ಇಡೀ ದಿನ ಮೇಲೆಯೇ ಇದ್ದು, ತಾರಸಿಯಿಂದ ಶುರು ಮಾಡಿ ಕೆಳಗೆ ಬರೋಣ ಅನ್ನುವುದು ಸದ್ಯದ ಲೆಕ್ಕ. ಕಷ್ಟದ ಕೆಲಸ ಮೊದಲು ಮುಗಿಯಲಿ ಅಂತ. ಇದು ಸರಿನಾ? ಬೇರೆ ಕ್ರಮ ಇದ್ದರೆ ಹೇಳಿ.

ಏಣಿ_ಹತ್ತುವವ

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಸಾರ್. ತಲೆಗೆ ಟವೆಲ್ ಸುತ್ತಿ, ಪಕ್ಕದಲ್ಲಿ ಒಂದು ದೊಡ್ಡ ಬಾಟಲ್ ನೀರು ಇಟ್ಟುಕೊಳ್ಳಿ, ಶುರು ಮಾಡಿ. ಬೆವರು ಬಂದರೆ ಮೈ ತಾನೇ ತಣ್ಣಗಾಗುತ್ತದೆ. ಹೊಲದಲ್ಲಿ, ರಸ್ತೆಯಲ್ಲಿ ದಿನಾ ಬಿಸಿಲಲ್ಲಿ ದುಡಿಯುವವರು ಇಲ್ವಾ?

ಬ್ರಷ್ಷು_ರೋಲರ್

ಪೇಂಟ್ ಕೆಲಸ ನನ್ನ ವೃತ್ತಿ. ಅದರ ಬಗ್ಗೆ ಮಾತ್ರ ಹೇಳುತ್ತೇನೆ.

ಬಿಸಿಲು ನಿಮಗೆ ಎಷ್ಟು ಕೆಟ್ಟದ್ದೋ ಪೇಂಟಿಗೂ ಅಷ್ಟೇ ಕೆಟ್ಟದ್ದು. ಹೊರಗೋಡೆಯ ನೀರಿನ ಪೇಂಟುಗಳ ಡಬ್ಬ ಓದಿ ನೋಡಿ. ಸಾಮಾನ್ಯವಾಗಿ 10ರಿಂದ 35 ಡಿಗ್ರಿ ಒಳಗೆ ಹಚ್ಚಿ ಎಂದಿರುತ್ತದೆ. ಜನ ಹವಾಮಾನ ವರದಿ ನೋಡಿ 34 ಇದೆ, ನಡೆಯುತ್ತದೆ ಅಂದುಕೊಳ್ಳುತ್ತಾರೆ. ಗೋಡೆಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ನೇರ ಬಿಸಿಲು ಬೀಳುವ ಗೋಡೆ ಗಾಳಿಗಿಂತ ಎಷ್ಟೋ ಬಿಸಿ ಇರುತ್ತದೆ. ಗೋಡೆಯ ಮೇಲೆ ಅಂಗೈ ಇಡಿ. ಆರಾಮಾಗಿ ಇಟ್ಟುಕೊಂಡಿರಲು ಆಗದಿದ್ದರೆ ಆ ಹೊತ್ತಿಗೆ ಬ್ರಷ್ ಮುಟ್ಟಬೇಡಿ.

ಬಿಸಿ ಗೋಡೆಗೆ ಹಚ್ಚಿದರೆ ಏನಾಗುತ್ತದೆ? ನೀರು ತಕ್ಷಣ ಆವಿಯಾಗಿ ಮೇಲ್ಪದರ ಒಣಗುತ್ತದೆ. ಪೇಂಟಿನೊಳಗಿನ ಅಂಟು ಒಂದಾಗಿ ಕೂಡಿಕೊಳ್ಳಲು, ಗೋಡೆಗೆ ಕಚ್ಚಿಕೊಳ್ಳಲು ಸಮಯ ಸಿಗುವುದಿಲ್ಲ. ರೋಲರ್ ಒಂದು ಪಟ್ಟಿ ಹೋಗಿ ಪಕ್ಕದ ಪಟ್ಟಿಗೆ ಬರುವಷ್ಟರಲ್ಲಿ ಅಂಚು ಒಣಗಿ, ಗೋಡೆಯಿಡೀ ಗೆರೆಗೆರೆ ಕಾಣುತ್ತದೆ. ಕೆಲವೊಮ್ಮೆ ಗುಳ್ಳೆಯೂ ಏಳುತ್ತದೆ.

ಅದಕ್ಕೇ ನಾವು ನೆರಳಿನ ಹಿಂದೆ ಓಡುತ್ತೇವೆ. ಪಶ್ಚಿಮದ ಗೋಡೆ ಬೆಳಿಗ್ಗೆ, ಪೂರ್ವದ ಗೋಡೆ ಮಧ್ಯಾಹ್ನದ ನಂತರ. ನಿಮಗಿರುವುದು ಪಶ್ಚಿಮದ ಗೋಡೆ ತಾನೇ? ಅದು ನಿಮ್ಮ ಅದೃಷ್ಟ. ಬೆಳಗಿನ ತಂಪೂ ಸಿಗುತ್ತದೆ, ಗೋಡೆಯೂ ನೆರಳಲ್ಲಿರುತ್ತದೆ. ಗೋಡೆ ಮೇಲೆ ಇಬ್ಬನಿ ಪಸೆ ಇದ್ದರೆ ಅದು ಆರುವ ತನಕ ಮಾತ್ರ ಕಾಯಿರಿ. ಹಳೆಯ ಪೇಂಟ್ ಕೆರೆದು ಉಜ್ಜುವ ಕೆಲಸ ಹಿಂದಿನ ವಾರವೇ ಮುಗಿದಿರಲಿ. ಒಂದೇ ಬೆಳಿಗ್ಗೆಯಲ್ಲಿ ಕೆರೆದು, ತೊಳೆದು, ಪ್ರೈಮರ್ ಹಚ್ಚಿ, ಎರಡು ಕೋಟ್ ಹೊಡೆಯುತ್ತೇನೆ ಅಂತ ಹೊರಟರೆ ಕೊನೆಗೆ ಮಟಮಟ ಮಧ್ಯಾಹ್ನ ಏಣಿ ಮೇಲೆ ಇರುತ್ತೀರಿ.

ಇನ್ನೊಂದು ಮಾತು. ಥಿನ್ನರ್, ಎಣ್ಣೆ ಪೇಂಟ್ ಡಬ್ಬಗಳನ್ನು ಬಿಸಿಲಲ್ಲಿ ಬಿಡಬೇಡಿ. ಅಗಸೆ ಎಣ್ಣೆ ಅಥವಾ ಮರದ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗಿಂದ ಬಿಸಿ ಹೊರಹೋಗದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿಡಿ.

ಮೂರನೇ_ಪಾಳಿ

@ಏಣಿ_ಹತ್ತುವವ ಅಣ್ಣಾ, ದಿನಾ ಬಿಸಿಲಲ್ಲಿ ದುಡಿಯುವವರ ಮೈಗೂ ವಾರವಿಡೀ ಫ್ಯಾನ್ ಕೆಳಗೆ ಕೂತು ಭಾನುವಾರ ಮಾತ್ರ ತಾರಸಿ ಹತ್ತುವವರ ಮೈಗೂ ತುಂಬಾ ವ್ಯತ್ಯಾಸ ಇದೆ. ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್. ಹೇಳಲೇಬೇಕು ಅನ್ನಿಸಿತು.

ಬಿಸಿಲಿಗೆ ಮೈ ಒಗ್ಗಲು ಸಾಮಾನ್ಯವಾಗಿ 7ರಿಂದ 14 ದಿನ ಬೇಕು. ಒಗ್ಗಿದ ಮೈಯಲ್ಲಿ ಬೆವರು ಬೇಗ ಬರುತ್ತದೆ, ಜಾಸ್ತಿ ಬರುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಎದೆ ಬಡಿತವೂ ಅಷ್ಟು ಏರುವುದಿಲ್ಲ. ಕಾರ್ಮಿಕರ ಆರೋಗ್ಯದ ಬಗ್ಗೆ ಕೆಲಸ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಯಾಶ್ ಒಂದು ಲೆಕ್ಕ ಕೊಟ್ಟಿದೆ. ಬಿಸಿಲಿನ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲ ದಿನ ಪೂರ್ತಿ ಪಾಳಿಯ 20 ಶೇಕಡಾ ಹೊತ್ತು ಮಾತ್ರ ಬಿಸಿಲಲ್ಲಿರಬೇಕು. ಆಮೇಲೆ ದಿನಕ್ಕೆ 20 ಶೇಕಡಾಗಿಂತ ಹೆಚ್ಚು ಏರಿಸಬಾರದು. ಎಂಟು ಗಂಟೆಯ ಪಾಳಿ ಅಂದರೆ ಮೊದಲ ದಿನ ಸುಮಾರು ಒಂದೂವರೆ ಗಂಟೆ. ದುಡಿಯುವವರಿಗೇ ಈ ಮಾತು. ಹೀಗಿರುವಾಗ ವಾರಕ್ಕೊಂದೇ ದಿನ, ಅದೂ ಇಡೀ ದಿನ ತಾರಸಿ ಮೇಲೆ ಅಂದರೆ ಮೈ ಒಗ್ಗುವ ಪ್ರಶ್ನೆಯೇ ಬರುವುದಿಲ್ಲ. ಪ್ರತಿ ಭಾನುವಾರವೂ ನೀವು ಹೊಸಬರೇ.

ಭಾನುವಾರದ ಎಂಟು ಗಂಟೆ ಬಿಡಿ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಒಂದೊಂದು ಗಂಟೆ ಮಾಡಿ.

ಏಣಿ_ಹತ್ತುವವ

ಸರಿ ಅಕ್ಕಾ, ಒಪ್ಪಿದೆ. ಆದರೆ ನೀರು ಸರಿಯಾಗಿ ಕುಡಿದರೆ ಏನೂ ಆಗಲ್ಲ ಅನ್ನೋದು ನನ್ನ ಅನುಭವ. ನಾನು ಏಣಿ ಹತ್ತುವ ಮೊದಲೇ ಎರಡು ಲೀಟರ್ ಕುಡಿದುಬಿಡುತ್ತೇನೆ. ಮತ್ತೆ ಮತ್ತೆ ಇಳಿಯುವ ರಗಳೆ ಇಲ್ಲ.

ಮೂರನೇ_ಪಾಳಿ

ಅದೇ ಬೇಡ ಅನ್ನುವುದು. ಒಮ್ಮೆಲೇ ಕುಡಿದ ನೀರಲ್ಲಿ ಬಹುಪಾಲು ಮೂತ್ರವಾಗಿ ಹೋಗುತ್ತದೆ. 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 240 ಮಿಲಿಲೀಟರ್ ಸಾಕು. ಗಂಟೆಗೆ ಸುಮಾರು 1.4 ಲೀಟರ್ ದಾಟಬಾರದು. ಬರೀ ನೀರನ್ನು ವಿಪರೀತ ಕುಡಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ನೋಡಿದವರು ಬಿಸಿಲಿಗೆ ಹೀಗಾಗಿದೆ ಅಂದುಕೊಂಡು ಇನ್ನಷ್ಟು ನೀರು ಕುಡಿಸುತ್ತಾರೆ.

ಎರಡು ಗಂಟೆಗಿಂತ ಹೆಚ್ಚು ಬೆವರು ಸುರಿಸುವ ಕೆಲಸ ಇದ್ದು, ನಡುವೆ ಊಟ ತಿಂಡಿ ಇಲ್ಲದಿದ್ದರೆ ಓಆರ್‌ಎಸ್ ಒಳ್ಳೆಯದು. ಮನೆಯಲ್ಲಿ ಮಾಡುವುದಾದರೆ ಒಂದು ಲೀಟರ್ ಕುಡಿಯುವ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಂದಾಜಿಗೆ ಸುರಿಯಬೇಡಿ, ಉಪ್ಪು ಹೆಚ್ಚಾದರೆ ಅದೂ ತೊಂದರೆಯೇ. ಬಿಪಿ, ಕಿಡ್ನಿ, ಹೃದಯದ ತೊಂದರೆ ಇರುವವರು ನೀರು ಉಪ್ಪು ಎರಡರ ಬಗ್ಗೆಯೂ ತಮ್ಮ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಮೂತ್ರ ಹೆಚ್ಚಿಸುವ ಮಾತ್ರೆ, ಕೆಲವು ಬಿಪಿ ಮಾತ್ರೆ, ಮಾನಸಿಕ ಕಾಯಿಲೆಯ ಕೆಲವು ಮಾತ್ರೆ, ಕೆಲವು ಅಲರ್ಜಿ ಮಾತ್ರೆ ತೆಗೆದುಕೊಳ್ಳುವವರಿಗೆ ಬಿಸಿ ತಡೆಯುವ ಶಕ್ತಿ ಕಡಿಮೆ ಇರುತ್ತದೆ. ಹಾಗಂತ ಮಾತ್ರೆ ಬಿಡಬೇಡಿ. ಬಿಸಿಲಿನ ಕೆಲಸ ಬಿಡಿ.

ಮತ್ತೆ, ಬೆವರು ಬಂದರೆ ಮೈ ತಣ್ಣಗಾಗುತ್ತದೆ ಅಂದಿರಲ್ಲ, ಅದು ಅರ್ಧ ಸತ್ಯ. ಬೆವರು ಆವಿಯಾಗಿ ಹೋದರೆ ಮಾತ್ರ ಬಿಸಿ ಹೊತ್ತೊಯ್ಯುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮೈ ತಣ್ಣಗಾಗುವುದಿಲ್ಲ, ನೀರು ನಷ್ಟ ಅಷ್ಟೇ. ಮೋಡ ಮುಚ್ಚಿ ಸೆಕೆ ಜಾಸ್ತಿಯಾದ ದಿನ ಬಿಸಿಲಿಲ್ಲ, ಪರವಾಗಿಲ್ಲ ಅಂತ ಜನ ಕೆಲಸಕ್ಕಿಳಿಯುತ್ತಾರೆ. ಗಾಳಿಯಲ್ಲಿ ತೇವ ತುಂಬಿರುವಾಗ ಬೆವರು ಆರುವುದೇ ಇಲ್ಲ. 32 ಡಿಗ್ರಿಯ ಅಂಥ ದಿನ 38 ಡಿಗ್ರಿಯ ಒಣ ದಿನಕ್ಕಿಂತ ಕಷ್ಟ ಕೊಡಬಹುದು.

ಗಾರೆ_ಕರಣೆ

ತಾರಸಿ ಬಿರುಕಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಕಾಂಕ್ರೀಟ್ ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. 10 ಮೀಟರ್ ಉದ್ದದ ತಾರಸಿ 25 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ಓಡಾಡುತ್ತದೆ. ಮಧ್ಯಾಹ್ನ ತಾರಸಿ ಹಿಗ್ಗಿದಾಗ ಬಿರುಕಿನ ಬಾಯಿ ಕಿರಿದಾಗುತ್ತದೆ. ಬೆಳಗಿನ ಜಾವ ಅಗಲವಾಗುತ್ತದೆ. ಮಧ್ಯಾಹ್ನದ ಸಣ್ಣ ಬಾಯಿಗೆ ಸೀಲೆಂಟ್ ತುಂಬಿದರೆ ರಾತ್ರಿಯಿಡೀ ಅದನ್ನು ಎರಡೂ ಕಡೆಯಿಂದ ಎಳೆದಂತಾಗುತ್ತದೆ. ಅಂಚು ಬಿಡಲು ಶುರುವಾಗುವುದು ಹೀಗೆ. ಬೆಳಗ್ಗೆ ಬಿರುಕು ಅಗಲ ಇದ್ದಾಗ ತುಂಬಿದರೆ ಸೀಲೆಂಟಿಗೆ ಆ ಎಳೆತ ಇಲ್ಲ. ಅಂದರೆ ನಿಮ್ಮ ಮೈಗೆ ಯಾವ ಹೊತ್ತು ಒಳ್ಳೆಯದೋ ಬಿರುಕಿಗೂ ಅದೇ ಹೊತ್ತು ಒಳ್ಳೆಯದು. ಬಿರುಕಿನೊಳಗೆ ಮಾತ್ರ ಪಸೆ ಇರಬಾರದು.

ಇದೇ ಕಾರಣಕ್ಕೆ ಓಡಾಡುವ ಬಿರುಕಿಗೆ ಸಿಮೆಂಟ್ ಹಾಲು ಹೊಯ್ಯುವುದು ವ್ಯರ್ಥ. ಸಿಮೆಂಟ್ ಬಾಗುವುದಿಲ್ಲ, ಪಕ್ಕದಲ್ಲೇ ಇನ್ನೊಂದು ಬಿರುಕು ಬರುತ್ತದೆ. ಬಿರುಕನ್ನು ಇಂಗ್ಲಿಷಿನ ವಿ ಆಕಾರದಲ್ಲಿ ಸ್ವಲ್ಪ ಅಗಲ ಮಾಡಿ, ಧೂಳು ಪೂರ್ತಿ ತೆಗೆದು, ಪಾಲಿಯುರೆಥೇನ್ ತರಹದ ಹಿಗ್ಗಿ ಕುಗ್ಗುವ ಸೀಲೆಂಟ್ ಹಾಕಿ. ಒಳಗೆ ಕಬ್ಬಿಣ ಕಾಣುತ್ತಿದ್ದರೆ, ತುಕ್ಕಿನ ಕಲೆ ಇದ್ದರೆ, ಅಥವಾ ಬಿರುಕಿನ ಒಂದು ಬದಿ ಇನ್ನೊಂದಕ್ಕಿಂತ ತಗ್ಗಿದ್ದರೆ ಸೀಲೆಂಟ್ ಡಬ್ಬ ಅಲ್ಲೇ ಇಟ್ಟು ಎಂಜಿನಿಯರನ್ನು ಕರೆಯಿರಿ.

ಪ್ಯಾರಪೆಟ್ ಬುಡದ ಗಾರೆ ಬೇರೆ ಕಥೆ. ಅದು ಸಿಮೆಂಟಿನ ಕೆಲಸ, ಅದಕ್ಕೆ ಸಂಜೆ ಒಳ್ಳೆಯದು. ಎದ್ದಿರುವುದನ್ನೆಲ್ಲ ತಟ್ಟಿ ತೆಗೆದು, ಜಾಗವನ್ನು ಚೆನ್ನಾಗಿ ನೆನೆಸಿ. ನೀರು ಹೊಳೆಯುವುದು ನಿಂತ ಮೇಲೆ ಹೊಸ ಗಾರೆ ಹಚ್ಚಿ. ಒಣ ಕಾಂಕ್ರೀಟಿಗೆ ಹಚ್ಚಿದರೆ ಅದು ಹೊಸ ಗಾರೆಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಸಂಜೆ ಹಚ್ಚಿದರೆ ರಾತ್ರಿಯಿಡೀ ತಂಪಲ್ಲಿ ಕಚ್ಚಿಕೊಳ್ಳುತ್ತದೆ. ಮರುದಿನದಿಂದ ಒದ್ದೆ ಗೋಣಿಚೀಲ ಹೊದಿಸಿ ಕನಿಷ್ಠ 7 ದಿನ ಕ್ಯೂರಿಂಗ್ ಮಾಡಿ. ರೆಡಿಮೇಡ್ ಪಾಲಿಮರ್ ಗಾರೆ ಆದರೆ ಚೀಲದ ಮೇಲೆ ಏನು ಬರೆದಿದೆಯೋ ಅದನ್ನೇ ಪಾಲಿಸಿ, ಕೆಲವಕ್ಕೆ ನೀರಿನ ಕ್ಯೂರಿಂಗ್ ಬೇಡ.

ಎಲ್ಲ ಮುಗಿದು ಒಣಗಿದ ಮೇಲೆ ನೀರು ಹೋಗುವ ಕೊಳವೆ ಮುಚ್ಚಿ, ತಾರಸಿಯಲ್ಲಿ 24 ಗಂಟೆ ತೆಳುವಾಗಿ ನೀರು ನಿಲ್ಲಿಸಿ ಕೆಳಗೆ ಪಸೆ ಬರುತ್ತದೆಯಾ ನೋಡಿ. ತುಂಬಾ ಎತ್ತರ ತುಂಬಬೇಡಿ, ನೀರಿನ ಭಾರ ಕಡಿಮೆಯದಲ್ಲ. 5 ಸೆಂಟಿಮೀಟರ್ ನೀರು ಅಂದರೆ ಪ್ರತಿ ಚದರ ಮೀಟರಿಗೆ 50 ಕಿಲೋ. ಮನೆ ತೀರಾ ಹಳೆಯದಾದರೆ ಈ ಪರೀಕ್ಷೆಯೇ ಬೇಡ.

ತಾರಸಿ_ಮನೆ

ಅಬ್ಬಾ, ಇಷ್ಟೊಂದು ವಿವರ! ತುಂಬಾ ಧನ್ಯವಾದ. ದಿನಾ ಬೆಳಿಗ್ಗೆ ಒಂದು ಗಂಟೆ ಅನ್ನುವುದು ನನಗೂ ಆಗುತ್ತದೆ. ಹಾಗಾದರೆ ಮೊದಲ ವಾರ ಬಿರುಕು, ಆಮೇಲೆ ಗಾರೆ, ಆಮೇಲೆ ಪೇಂಟ್. ಎಸಿ ಫ್ಯಾನ್ ಎಲ್ಲ ಒಳಗಿನ ಕೆಲಸ, ಕೊನೆಗೆ ಮಾಡಿದರಾಯಿತು ಅಲ್ವಾ?

ಹಿತ್ತಲು

ಇಲ್ಲ ಸರ್, ನಾನು ಇದನ್ನು ಪೂರಾ ತಿರುಗಿಸಿ ಹೇಳುತ್ತೇನೆ. ಎಸಿ, ಫ್ಯಾನ್, ಕಿಟಕಿ ಇವು ಮೊದಲು. ತಾರಸಿ ಆಮೇಲೆ.

ಯಾಕೆ ಅಂದರೆ, ಮೇಲೆ ಒಂದು ಗಂಟೆ ಬೆಂದು ಕೆಳಗೆ ಬಂದಾಗ ಕೂರಲು ಒಂದು ತಂಪು ಕೋಣೆ ಬೇಕು. ಅದಿಲ್ಲದೆ ಕೆಲಸಕ್ಕೆ ಹೋಗಬಾರದು. ವಿಶ್ರಾಂತಿ ಅಂದರೆ ಸುಮ್ನೆ ಕೂರುವುದಲ್ಲ, ಮೈಯ ಬಿಸಿ ಇಳಿಯಬೇಕು. ರಾತ್ರಿ ನಿದ್ದೆಯೂ ಸರಿಯಾಗಿ ಆಗಬೇಕು. ಸೆಕೆಗೆ ನಿದ್ದೆಗೆಟ್ಟವರು ಮರುದಿನ ಬೆಳಿಗ್ಗೆ ಏಣಿ ಹತ್ತುವುದು ನನಗೆ ಸರಿ ಕಾಣುವುದಿಲ್ಲ.

ನಾವು ಪ್ರತಿ ಬೇಸಿಗೆಯಲ್ಲೂ ಶುರು ಮಾಡುವುದು ಪಶ್ಚಿಮದ ಕಿಟಕಿಗಳಿಂದ. ಒಳಗೆ ದಪ್ಪ ಪರದೆ ಹಾಕಿದರೆ ಬಿಸಿಲು ಆಗಲೇ ಗಾಜು ದಾಟಿ ಒಳಗೆ ಬಂದಿರುತ್ತದೆ. ತಡೆಯುವುದಾದರೆ ಹೊರಗೇ ತಡೆಯಬೇಕು. ಬಿದಿರಿನ ತಟ್ಟಿ, ನೆರಳು ಬಲೆ, ಕ್ಯಾನ್ವಾಸ್ ಯಾವುದಾದರೂ ಆಗುತ್ತದೆ. ಕಿಟಕಿಗೂ ಅದಕ್ಕೂ ನಡುವೆ ಗಾಳಿ ಆಡಲು ಒಂದು ಗೇಣು ಜಾಗ ಬಿಡಿ. ಪಶ್ಚಿಮದ ಕಿಟಕಿಗೆ ಹೊರಗಿನಿಂದ ಚಪ್ಪರದಂಥ ಮರೆ ಕಟ್ಟಿದರೆ ಗಾಜಿನ ಮೂಲಕ ಬರುವ ಬಿಸಿಲಿನ ಶಾಖ 77 ಶೇಕಡಾ ತನಕ ಕಡಿಮೆಯಾಗುತ್ತದೆ ಅಂತ ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಅಷ್ಟಾಗದೆ ಅರ್ಧ ಆದರೂ ದೊಡ್ಡದೇ.

ಕಿಟಕಿ ಯಾವಾಗ ತೆರೆಯಬೇಕು ಅನ್ನುವುದಕ್ಕೆ ಗಡಿಯಾರ ನೋಡಬೇಡಿ. ಒಳಗೊಂದು ಹೊರಗೊಂದು ಥರ್ಮಾಮೀಟರ್ ಇಡಿ. ಹೊರಗೆ ತಂಪಾದಾಗ ತೆರೆಯಿರಿ, ಹೊರಗೆ ಬಿಸಿಯಾದಾಗ ಮುಚ್ಚಿ. ನಮ್ಮ ಮನೆಯಲ್ಲಿ ಮಧ್ಯಾಹ್ನ ಗಾಳಿ ಬರಲಿ ಅಂತ ಎಲ್ಲ ತೆರೆದಿಡುವವರ ಜೊತೆ ಪ್ರತಿ ವರ್ಷ ಜಗಳ ಆಗುತ್ತದೆ. ಥರ್ಮಾಮೀಟರ್ ಬಂದ ಮೇಲೆ ಜಗಳ ಕಡಿಮೆ.

ವೈರ್‌ಮನ್_ಟೆಸ್ಟರ್

ಹಿತ್ತಲು ಮೇಡಂ ಹೇಳಿದ ಕ್ರಮವೇ ಸರಿ. ಎಲೆಕ್ಟ್ರಿಕ್ ಕೆಲಸಗಳ ಬಗ್ಗೆ ನನ್ನದು.

ಎಸಿಯಲ್ಲಿ ನೀವೇ ಮಾಡಬಹುದಾದ್ದು ಫಿಲ್ಟರ್. ತೆಗೆದು ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಹಾಕಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆಯಾದರೂ ಬೇಕು. ಕಟ್ಟಿಕೊಂಡ ಫಿಲ್ಟರನ್ನು ಸರಿ ಮಾಡಿದರೆ ಕರೆಂಟ್ ಖರ್ಚು 5ರಿಂದ 15 ಶೇಕಡಾ ಇಳಿಯುತ್ತದೆ. ಒಳಗಿನ ಯೂನಿಟ್‌ನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಸಾಮಾನ್ಯವಾಗಿ ಡ್ರೈನ್ ಪೈಪ್ ಕಟ್ಟಿರುತ್ತದೆ, ಅದೂ ನೀವೇ ನೋಡಬಹುದು. ಹೊರಗಿನ ಯೂನಿಟ್‌ಗೆ ಎಂಸಿಬಿ (ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಇಳಿಸಿದ ಮೇಲೆ ಸಣ್ಣಗೆ ನೀರು ಬಿಟ್ಟು ಧೂಳು ತೆಗೆಯಿರಿ. ಕಾರು ತೊಳೆಯುವ ಪ್ರೆಷರ್ ಪಂಪು ಹಿಡಿಯಬೇಡಿ, ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಂಡು ಗಾಳಿಯೇ ಹೋಗುವುದಿಲ್ಲ. ಮುಚ್ಚಳ ಬಿಚ್ಚುವುದು ಬೇಡವೇ ಬೇಡ. ಒಳಗಿನ ಕೆಪಾಸಿಟರ್ ಕರೆಂಟ್ ತೆಗೆದ ಮೇಲೂ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ.

ಫ್ಯಾನ್: ರೆಕ್ಕೆಗೆ ಹಳೆಯ ದಿಂಬಿನ ಕವರ್ ತೊಡಿಸಿ ಎಳೆದರೆ ಧೂಳೆಲ್ಲ ಕವರೊಳಗೇ ಬೀಳುತ್ತದೆ. ಫ್ಯಾನ್ ನಿಧಾನ ತಿರುಗುತ್ತಿದ್ದರೆ, ಕೈಯಿಂದ ತಳ್ಳಿದರೆ ಮಾತ್ರ ಶುರುವಾಗುತ್ತಿದ್ದರೆ ಬಹುತೇಕ ಕೆಪಾಸಿಟರ್ ಹೋಗಿದೆ ಅಂತ ಅರ್ಥ. ಇನ್ನೊಂದು, ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ, ಕೆಳಗೆ ಕೂತವರನ್ನು ತಂಪು ಮಾಡುತ್ತದೆ. ಖಾಲಿ ಕೋಣೆಯಲ್ಲಿ ತಿರುಗಿಸಿ ಪ್ರಯೋಜನ ಇಲ್ಲ.

ಇನ್ವರ್ಟರ್ ಬ್ಯಾಟರಿ: ಬೇಸಿಗೆಯಲ್ಲಿ ನೀರು ಬೇಗ ಇಳಿಯುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಗುರುತು ದಾಟಿಸಬೇಡಿ. ಲೆಡ್ ಆಸಿಡ್ ಬ್ಯಾಟರಿಗೆ 10 ಡಿಗ್ರಿ ಬಿಸಿ ಹೆಚ್ಚಾದರೆ ಆಯಸ್ಸು ಹತ್ತಿರ ಹತ್ತಿರ ಅರ್ಧವಾಗುತ್ತದೆ ಅನ್ನುವುದು ನಮ್ಮ ಲೈನಿನಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ. ಮೆಟ್ಟಿಲ ಕೆಳಗೆ ಬಾಗಿಲು ಹಾಕಿದ ಗೂಡಿನಲ್ಲಿ ಇಟ್ಟಿದ್ದರೆ ಹೊರಗೆ ತನ್ನಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬೇರೆ ಬರುತ್ತದೆ, ಗಾಳಿ ಆಡಲೇಬೇಕು. ಹತ್ತಿರ ಬೀಡಿ ಬೆಂಕಿ ಏನೂ ಬೇಡ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಬೆವರಿದ ಕೈಯಲ್ಲಿ ವೈರಿಂಗ್ ಮುಟ್ಟಬೇಡಿ. ಒಣ ಚರ್ಮದ ತಡೆ 1 ಲಕ್ಷ ಓಮ್‌ವರೆಗೆ ಇರಬಹುದು, ಒದ್ದೆಯಾದರೆ ಅದು 1,000ಕ್ಕೆ ಇಳಿಯುತ್ತದೆ. ಚಳಿಗಾಲದಲ್ಲಿ ಜುಮ್ ಅನ್ನಿಸಿ ಬಿಟ್ಟ ಶಾಕ್ ಬೇಸಿಗೆಯಲ್ಲಿ ಬಿಡದೇ ಹಿಡಿದುಕೊಳ್ಳಬಹುದು. ಮೊದಲು ಮೈ ಒರೆಸಿ, ಚಪ್ಪಲಿ ಹಾಕಿ, ಎಂಸಿಬಿ ಇಳಿಸಿ, ಟೆಸ್ಟರ್ ಹಿಡಿದು ನೋಡಿ, ಆಮೇಲೆ ಕೈ ಹಾಕಿ.

ಏಣಿ_ಹತ್ತುವವ

ನನ್ನ ಹೆಸರಿಗೆ ತಕ್ಕಂತೆ ಏಣಿ ಬಗ್ಗೆಯಾದರೂ ಹೇಳಲು ಬಿಡಿ. ಬಿಸಿಲಲ್ಲಿ ಇಟ್ಟ ಕಬ್ಬಿಣ, ಅಲ್ಯೂಮಿನಿಯಂ ಏಣಿ ಕೈ ಸುಡುತ್ತದೆ. ಸುಟ್ಟ ಕೈ ಏಣಿ ಬಿಟ್ಟುಬಿಡುತ್ತದೆ, ಅದೇ ಅಪಾಯ. ನೆರಳಲ್ಲಿಟ್ಟು, ಬೇಕಾದಾಗ ಮಾತ್ರ ತನ್ನಿ. ಗ್ರೈಂಡರ್, ಸುತ್ತಿಗೆಗೂ ಇದೇ ಮಾತು. ನಾಲ್ಕು ಅಡಿ ಎತ್ತರಕ್ಕೆ ಏಣಿಯ ಬುಡ ಗೋಡೆಯಿಂದ ಒಂದು ಅಡಿ ಹೊರಗೆ ಇರಬೇಕು. ತಾರಸಿಗೆ ಹತ್ತುವುದಾದರೆ ಏಣಿಯ ತುದಿ ಅಂಚಿಗಿಂತ ಮೂರು ಅಡಿ ಮೇಲಿರಲಿ. ತಲೆ ಸ್ವಲ್ಪ ಹಗುರ ಅನ್ನಿಸಿದರೂ ಇಳಿಯಲು ಹೋಗಬೇಡಿ. ಮೊದಲು ತಾರಸಿಯಲ್ಲೇ ನೆರಳು ಹುಡುಕಿ ಕೂತು ಕೆಳಗಿನವರನ್ನು ಕೂಗಿ.

ಮೂರನೇ_ಪಾಳಿ

ಇದು ನೂರಕ್ಕೆ ನೂರು ಸರಿ ಅಣ್ಣಾ. ಅದಕ್ಕೇ ಒಬ್ಬರೇ ತಾರಸಿ ಹತ್ತಬಾರದು. ಬಿಸಿಲು ತಲೆಗೆ ಏರಿದಾಗ ಅದು ಏರಿದೆ ಅಂತ ಆ ವ್ಯಕ್ತಿಗೇ ಗೊತ್ತಾಗುವುದಿಲ್ಲ. ಪಕ್ಕದವರು ಗುರುತಿಸಬೇಕು.

ಮೊದಲ ಹಂತದಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ, ವಿಪರೀತ ಬೆವರು, ಸುಸ್ತು, ಮಾಂಸಖಂಡ ಹಿಡಿದುಕೊಳ್ಳುವುದು. ಆಗ ಕೆಲಸ ನಿಲ್ಲಿಸಿ, ತಂಪಿಗೆ ಬಂದು, ಬಟ್ಟೆ ಸಡಿಲಿಸಿ, ನೀರು ಗುಟುಕರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಮಾತು ತೊದಲಿದರೆ, ಅಸಂಬದ್ಧ ಮಾತಾಡಿದರೆ, ಸಿಡುಕಿದರೆ, ತೂರಾಡಿದರೆ, ಪ್ರಜ್ಞೆ ತಪ್ಪಿದರೆ ಅದು ಹೀಟ್ ಸ್ಟ್ರೋಕ್. ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿರುತ್ತದೆ. ಬೆವರು ನಿಂತಿದ್ದರೆ ಮಾತ್ರ ಹೀಟ್ ಸ್ಟ್ರೋಕ್ ಅನ್ನುವುದು ತಪ್ಪು. ದುಡಿಯುತ್ತಾ ಬಂದವರಲ್ಲಿ ಬೆವರು ಸುರಿಯುತ್ತಲೇ ಇರಬಹುದು.

ತಕ್ಷಣ ಆಂಬುಲೆನ್ಸ್‌ಗೆ ಫೋನ್ ಮಾಡಿ. ಆದರೆ ಅದು ಬರುವ ತನಕ ಕೈಕಟ್ಟಿ ಕೂರಬೇಡಿ. ತಂಪು ಮಾಡಲು ಶುರು ಮಾಡಿ. ತಣ್ಣೀರಲ್ಲಿ ಕೂರಿಸಲು ಆದರೆ ಅದೇ ಎಲ್ಲಕ್ಕಿಂತ ಒಳ್ಳೆಯದು, ತಲೆ ಮುಳುಗದಂತೆ ಒಬ್ಬರು ಹಿಡಿದುಕೊಂಡಿರಬೇಕು. ಇಲ್ಲದಿದ್ದರೆ ಬಕೆಟಿನಿಂದ, ಪೈಪಿನಿಂದ ಮೈತುಂಬ ನೀರು ಸುರಿಯುತ್ತಾ ಗಾಳಿ ಹಾಕಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ.

ಇನ್ನು ಕೆಲಸದ ನಡುವೆ ಮೈ ತಂಪು ಮಾಡಿಕೊಳ್ಳಲು ನನಗೆ ಗೊತ್ತಿರುವ ಸುಲಭ ಉಪಾಯ: ನೆರಳಲ್ಲಿ ಒಂದು ಬಕೆಟ್ ತಣ್ಣೀರು ಇಟ್ಟು, ವಿಶ್ರಾಂತಿ ಹೊತ್ತಲ್ಲಿ ಎರಡೂ ಕೈಗಳನ್ನು ಮೊಣಕೈವರೆಗೆ 10ರಿಂದ 20 ನಿಮಿಷ ಮುಳುಗಿಸಿ ಕೂರುವುದು. ಬೆಂಕಿ ಆರಿಸುವ ಸಿಬ್ಬಂದಿಯೂ ಇದನ್ನು ಮಾಡುತ್ತಾರೆ. ಅಂಗೈ, ಮುಂಗೈಯಲ್ಲಿ ರಕ್ತ ಜಾಸ್ತಿ ಹರಿಯುವುದರಿಂದ ಮೈಯ ಬಿಸಿ ಆ ನೀರಿಗೆ ಇಳಿಯುತ್ತದೆ. ಫ್ಯಾನ್ ಬಗ್ಗೆ ಒಂದು ಎಚ್ಚರ. ಕೋಣೆಯ ಗಾಳಿಯೇ 40 ಡಿಗ್ರಿ ದಾಟಿದ್ದರೆ ಫ್ಯಾನ್ ಮೈಯನ್ನು ಇನ್ನಷ್ಟು ಕಾಯಿಸುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಆಗ ಒದ್ದೆ ಬಟ್ಟೆ, ತಣ್ಣೀರು ನೋಡಿಕೊಳ್ಳಿ.

ತಾರಸಿ_ಮನೆ

ಸರಿ, ಕ್ರಮ ಬದಲಾಯಿಸಿದೆ. ಈ ವಾರ ಫಿಲ್ಟರ್, ಫ್ಯಾನ್, ಕಿಟಕಿಗೆ ತಟ್ಟಿ. ಮುಂದಿನ ವಾರದಿಂದ ಬೆಳಿಗ್ಗೆ ಆರಕ್ಕೆ ತಾರಸಿ, ತಮ್ಮನೂ ಜೊತೆಗೆ ಬರುತ್ತಾನೆ. ಎರಡು ಪ್ರಶ್ನೆ ಉಳಿದಿವೆ. ತಾರಸಿಗೆ ಬಿಳಿ ಕೋಟಿಂಗ್ ಹೊಡೆದರೆ ನಿಜವಾಗಿಯೂ ತಂಪಾಗುತ್ತದಾ? ಟ್ಯಾಂಕ್ ಒಳಗೆ ಇಳಿದು ತೊಳೆಯುವುದು ನೀರಿನ ಕೆಲಸ, ಅದನ್ನು ಮಧ್ಯಾಹ್ನ ಇಟ್ಟುಕೊಳ್ಳಬಹುದಾ?

ಗಾರೆ_ಕರಣೆ

ಟ್ಯಾಂಕ್ ಮಧ್ಯಾಹ್ನ ಬೇಡ. ಬಿಸಿಲಲ್ಲಿ ಕಾದ ಪ್ಲಾಸ್ಟಿಕ್ ಟ್ಯಾಂಕಿನ ಒಳಗೆ ಗಾಳಿ ಆಡುವುದಿಲ್ಲ, ತೇವ ತುಂಬಿರುತ್ತದೆ. ನರ್ಸ್ ಮೇಡಂ ಹೇಳಿದ ಬೆವರು ಆರದ ಜಾಗ ಅದೇ. ಅದರೊಳಗೆ ಬ್ಲೀಚಿಂಗ್ ಹಾಕಿ ಉಜ್ಜಿದರೆ ಉಸಿರು ಕಟ್ಟುತ್ತದೆ. ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಜೊತೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲವೇ ಹೊರಬರುತ್ತದೆ. ಸಣ್ಣ ಟ್ಯಾಂಕಿಗೆ ಇಳಿಯುವ ಅಗತ್ಯವೇ ಇಲ್ಲ, ಉದ್ದ ಹಿಡಿಯ ಬ್ರಷ್ ಸಾಕು. ನೆಲದಡಿಯ ಸಂಪಿಗಂತೂ ಒಬ್ಬರೇ ಇಳಿಯಲೇಬಾರದು. ಅದನ್ನು ತೊಳೆಯುವ ಅನುಭವ, ಸಲಕರಣೆ ಇರುವವರಿಗೆ ಬಿಡಿ.

ಬಿಳಿ ಕೋಟಿಂಗ್ ತಂಪು ಮಾಡುತ್ತದೆ, ಅನುಮಾನ ಬೇಡ. ಸಾಮಾನ್ಯ ಛಾವಣಿ ಬೇಸಿಗೆ ಮಧ್ಯಾಹ್ನ 65 ಡಿಗ್ರಿ ಮುಟ್ಟಬಹುದು. ಅದೇ ಬಿಸಿಲಿನಲ್ಲಿ ಬಿಸಿಲು ವಾಪಸ್ ಕಳಿಸುವ ಛಾವಣಿ ಅದಕ್ಕಿಂತ 28 ಡಿಗ್ರಿಯಷ್ಟು ತಂಪಾಗಿರಬಹುದು. ಆದರೆ ಇದು ಛಾವಣಿ ಮೇಲ್ಮೈಯ ಲೆಕ್ಕ, ಕೋಣೆಯದ್ದಲ್ಲ. ಒಳಗೆ ಕೆಲವೇ ಡಿಗ್ರಿ ಇಳಿಯುತ್ತದೆ. ಗೊತ್ತಾಗುವುದು ಮುಖ್ಯವಾಗಿ ರಾತ್ರಿ. ಹಗಲು ಕುಡಿದ ಬಿಸಿಯನ್ನು ಕಾಂಕ್ರೀಟ್ ಗಂಟೆಗಟ್ಟಲೆ ತಡವಾಗಿ ಒಳಗೆ ಬಿಡುತ್ತದಲ್ಲ, ಮಲಗುವ ಹೊತ್ತಿನ ಆ ಕಾವು ಕಡಿಮೆಯಾಗುತ್ತದೆ. ಧೂಳು ಕೂತರೆ ಗುಣ ಹೋಗುತ್ತದೆ, ಆಗಾಗ ತೊಳೆಯಬೇಕು. ಬಿರುಕು ಗಾರೆ ಎಲ್ಲ ಮುಗಿದ ಮೇಲೆ ಹೊಡೆಯಿರಿ.

ಬ್ರಷ್ಷು_ರೋಲರ್

ಬಿಳಿ ಕೋಟಿಂಗ್ ಹೊಡೆಯುವಾಗ ಕಪ್ಪು ಕನ್ನಡಕ ಹಾಕಿಕೊಳ್ಳಿ. ಸೂರ್ಯ ಸ್ವಲ್ಪ ಏರಿದರೂ ಕೆಳಗಿನಿಂದ ಹೊಡೆಯುವ ಬೆಳಕಿಗೆ ಕಣ್ಣು ಬಿಡಲಾಗುವುದಿಲ್ಲ. ಟೋಪಿ ತಡೆಯುವುದು ಮೇಲಿನದ್ದನ್ನು ಮಾತ್ರ. ಗಲ್ಲದ ಕೆಳಗೂ ಚರ್ಮ ಸುಡುತ್ತದೆ.

ಹೊಸಬಾಗಿಲು

ನಡುವೆ ನನ್ನದೂ ಒಂದು ಪ್ರಶ್ನೆ ಸೇರಿಸಲಾ? ಮಲಗುವ ಕೋಣೆಯ ಮರದ ಬಾಗಿಲು ಮಳೆಗಾಲ ಪೂರ್ತಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಈಗ ಬೇಸಿಗೆಯಲ್ಲಿ ಸಲೀಸಾಗಿ ಹಾಕಬಹುದು. ಈಗಲೇ ಅಂಚು ಕೀಸಿಸಿಬಿಡಲಾ? ಒಳಗಿನ ಕೆಲಸ, ಬಿಸಿಲಿನ ಕಾಟವೂ ಇಲ್ಲ.

ಗಾರೆ_ಕರಣೆ

ಮರ ನನ್ನ ಕೆಲಸ ಅಲ್ಲ, ಆದರೂ ಹೇಳುತ್ತೇನೆ. ಮರ ಗಾಳಿಯ ತೇವ ಕುಡಿದು ಉಬ್ಬುತ್ತದೆ, ಈಗ ಒಣಗಿ ಕುಗ್ಗಿದೆ. ಎಲ್ಲಿ ಎಷ್ಟು ಉಜ್ಜುತ್ತದೆ ಅನ್ನುವುದು ಈಗ ಕಾಣುವುದಿಲ್ಲ, ಅಂದಾಜಿಗೆ ಕೀಸಿದರೆ ಮುಂದಿನ ಬೇಸಿಗೆಗೆ ಸಂದು ದೊಡ್ಡದಾಗುತ್ತದೆ. ಪಾಲಿಶ್ ಸವೆದು ಹೊಳೆಯುವ ಜಾಗ ಕಂಡರೆ ಅಲ್ಲಿ ಮಾತ್ರ ತೆಳುವಾಗಿ ಕೀಸಿಸಿ. ಬೇಸಿಗೆಯ ನಿಜವಾದ ಕೆಲಸ ಬೇರೆ. ಮರ ಒಣಗಿರುವಾಗಲೇ ಎಲ್ಲ ಅಂಚುಗಳಿಗೂ ಪಾಲಿಶ್ ಅಥವಾ ಪೇಂಟ್ ಕುಡಿಸಿಬಿಡಿ, ಮಳೆಗಾಲದ ತೇವ ಒಳಗೆ ಹೋಗುವುದು ನಿಧಾನವಾಗುತ್ತದೆ. ಎಲ್ಲರೂ ಎದುರಿಗೆ ಕಾಣುವ ಎರಡು ಮುಖಕ್ಕೆ ಹಚ್ಚಿ ಮೇಲಂಚು, ಕೆಳಂಚು ಬಿಟ್ಟುಬಿಡುತ್ತಾರೆ. ತೇವ ನುಗ್ಗುವುದೇ ಅಲ್ಲಿಂದ. ನೋಡಲು ಬಾಗಿಲು ಕಳಚಬೇಕಿಲ್ಲ, ಕೆಳಗೆ ನೆಲದ ಮೇಲೆ ಒಂದು ಚಿಕ್ಕ ಕನ್ನಡಿ ಸರಿಸಿ ಟಾರ್ಚ್ ಬಿಡಿ.

ಹೊಸಬಾಗಿಲು

ಕನ್ನಡಿ ಇಟ್ಟು ನೋಡಿದೆ. ಕೆಳಗೆ ಬರೀ ಮರ, ಒಂದು ಹನಿ ಪಾಲಿಶ್ ಇಲ್ಲ! ಉಳಿದ ಬಾಗಿಲುಗಳನ್ನೂ ನೋಡುತ್ತೇನೆ.